ರಾಹುಕಾಲಕ್ಕೆ ಮುಂಚೆ ಒಂದು ಬಲೂನು

ಬಸುರಿಯಾಗಿದ್ದಾಗ ನಾನು ಜೀವನದಲ್ಲಿ ಮೊದಲ ಸಲ ಒಳ್ಳೆಯ ಸೊಸೆ ಅನ್ನಿಸಿಕೊಂಡೆ. ನನ್ನ ಹೃದಯ ಕೆಡುತ್ತಿದ್ದುದೇ ಅದಕ್ಕೆ ಕಾರಣ ಎಂದು ಆಗ ಯಾರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಅದಕ್ಕೆ ಮುಂಚೆ ಬನಶಂಕರಿ ಎರಡನೇ ಹಂತದ ಆ ಮನೆಯಲ್ಲಿ ನಾನು ಬಾಯಿಬಡುಕಿ. ಪದ್ಮನಾಭನಗರದ ಒಂದು ಟ್ಯೂಷನ್ ಸೆಂಟರಿನಲ್ಲಿ ಹೈಸ್ಕೂಲು ಮಕ್ಕಳಿಗೆ ಗಣಿತ ಹೇಳಿಕೊಡುತ್ತಿದ್ದೆ. ಕಾರು ನಿಲ್ಲಿಸುವ ಶೆಡ್ಡಿನಷ್ಟು ಜಾಗ, ಅದರ ತುಂಬ ಮಕ್ಕಳು, ಹೊರಗೆ ಬಸ್ಸಿನ ಹಾರನ್ನು. ಕೂಗದೆ ಪಾಠವಾಗುವ ಮಾತೇ ಇಲ್ಲ. ಆ ಗಂಟಲು ಮನೆಗೆ ಬಂದ ಮೇಲೂ ಇಳಿಯುತ್ತಿರಲಿಲ್ಲ. ಅತ್ತೆ ಒಂದು ಅಂದರೆ ನಾನು ನಾಲ್ಕು ಅನ್ನುತ್ತಿದ್ದೆ. ಎಂಟನೆಯ ತಿಂಗಳು ಮುಗಿಯುವ ಹೊತ್ತಿಗೆ ಅದೇನಾಯಿತೋ, ಅತ್ತೆ ನಾಲ್ಕು ಅಂದರೂ ನನ್ನಿಂದ ಒಂದು "ಹೂಂ" ಮಾತ್ರ ಬರತೊಡಗಿತು. ಮನೆಯವರಿಗೆಲ್ಲ ಎಲ್ಲಿಲ್ಲದ ಸಂತೋಷವಾಯಿತು.

"ತಾಯಿ ಆಗ್ತಿದಾಳಲ್ಲ, ಈಗ ಬುದ್ಧಿ ಬಂತು ನೋಡು. ಎದುರು ಮಾತೇ ಇಲ್ಲ," ಎಂದು ಅತ್ತೆ ಮೈಸೂರಿನ ತಂಗಿಗೆ ಫೋನಿನಲ್ಲಿ ಹೇಳುವುದು ನನಗೆ ಕೋಣೆಯೊಳಗೆ ಕೇಳುತ್ತಿತ್ತು. ಎದ್ದು ಹೋಗಿ ಉತ್ತರ ಕೊಡೋಣವೆಂದರೆ ಒಂದು ವಾಕ್ಯ ಮುಗಿಸುವಷ್ಟು ಉಸಿರು ಇರಲಿಲ್ಲ. ಅಡುಗೆಮನೆಯಿಂದ ಹಾಲಿಗೆ ಬಂದರೆ ಕೂರಲು ಕುರ್ಚಿ ಬೇಕು. ಮಲಗಿದರೆ ಯಾರೋ ಎದೆಯ ಮೇಲೆ ಅಕ್ಕಿಮೂಟೆ ಇಟ್ಟಂತಾಗುತ್ತಿತ್ತು. ದಿಂಬಿನ ಮೇಲೆ ದಿಂಬು ಪೇರಿಸಿಕೊಂಡು ಕೂತೇ ನಿದ್ದೆ ಮಾಡುತ್ತಿದ್ದೆ. "ಬಸುರೀರಿಗೆ ಇದೆಲ್ಲ ಇದ್ದಿದ್ದೇ," ಎಂದು ಎಲ್ಲರೂ ಅಂದರು. ಹೆತ್ತ ಹೆಂಗಸರು ಅಂದರು. ಎಂದೂ ಹೆರದ ಗಂಡಸರು ಇನ್ನೂ ಧೈರ್ಯವಾಗಿ ಅಂದರು.

ನನ್ನ ಗಂಡ ಒಳ್ಳೆಯವರು. ಒಂದು ಕಂಪನಿಯಲ್ಲಿ ಲೆಕ್ಕಪತ್ರದ ಕೆಲಸ. ಮನೆಯ ಯಾವ ವಿಷಯವನ್ನಾದರೂ ತಾವಾಗಿ ತೀರ್ಮಾನ ಮಾಡಿದರು ಎಂಬ ಅಪವಾದ ಅವರ ಮೇಲೆ ಎಂದೂ ಬಂದಿಲ್ಲ. "ಯಾಕೇ ಏದುಸಿರು ಬಿಡ್ತಿದೀಯ?" ಎಂದು ಕೇಳುತ್ತಿದ್ದರು. ನಾನು ಉತ್ತರಕ್ಕೆ ಉಸಿರು ಕೂಡಿಸಿಕೊಳ್ಳುವಷ್ಟರಲ್ಲಿ, "ಇರು, ಅಮ್ಮನ್ನ ಕೇಳ್ಕೊಂಡು ಬರ್ತೀನಿ," ಎಂದು ಹೊರಟುಬಿಡುತ್ತಿದ್ದರು.

ಒಂಬತ್ತಕ್ಕೆ ಬಿದ್ದ ಮೇಲೆ ಸೀಮಂತ ಮಾಡಿದರು. ಹಸಿರು ಬಳೆ ತೊಡಿಸಿ, ಮೊಗ್ಗಿನ ಜಡೆ ಹಾಕಿ, ಹಾಲಿನ ಮಧ್ಯೆ ಕೂರಿಸಿದರು. ಬಂದ ಒಬ್ಬೊಬ್ಬರೂ ನನ್ನನ್ನು ನೋಡಿ ಕಣ್ಣರಳಿಸಿದರು. "ಎಷ್ಟ್ ಲಕ್ಷಣವಾಗಿ ತುಂಬ್ಕೊಂಡಿದಾಳೆ! ಮುಖದಲ್ಲಿ ಏನ್ ಕಳೆ ಬಂದಿದೆ!" ಆ ಕಳೆಯೆಲ್ಲ ನೀರು. ಮೈಯಲ್ಲಿ ಇರಬಾರದ ನೀರು ಮುಖಕ್ಕೂ ಕೈಗೂ ಕಾಲಿಗೂ ತುಂಬಿಕೊಂಡು ನಾನು ದುಂಡಗಾಗಿದ್ದೆ. ಎದುರುಮನೆ ಆಂಟಿ ನನ್ನ ಪಾದದ ಮೇಲೆ ಹೆಬ್ಬೆರಳು ಒತ್ತಿ ನೋಡಿದರು. ಕಡುಬಿನ ಹಿಟ್ಟಿನಲ್ಲಿ ಒತ್ತಿದಂತೆ ಗುಳಿ ಬಿತ್ತು, ಬಿದ್ದ ಗುಳಿ ಮೇಲೇಳಲಿಲ್ಲ. ಆ ಗುಳಿಯನ್ನು ಸ್ವಲ್ಪ ಹೊತ್ತು ಪರಿಶೀಲಿಸಿ ಅವರು ಗಂಡು ಮಗು ಎಂದು ತೀರ್ಪು ಕೊಟ್ಟರು.

ಬಾಯಿಗೆ ರುಚಿಯಿಲ್ಲ ಎಂದು ಯಾರ ಹತ್ತಿರ ಅಂದೆನೋ, ಮಾರನೆಯ ದಿನದಿಂದ ರಸ್ತೆಯ ಮನೆಮನೆಯಿಂದ ಮಾವಿನ ಮಿಡಿ, ಹೇರಳೆಕಾಯಿ ಉಪ್ಪಿನಕಾಯಿ, ಬಾಳಕದ ಮೆಣಸಿನಕಾಯಿ, ಅರಳು ಸಂಡಿಗೆ ಬರತೊಡಗಿದವು. ಬಸುರಿಯ ಬಯಕೆ ತೀರಿಸುವ ಪುಣ್ಯ ಯಾರಿಗೆ ಬೇಡ? ಸೋತ ಹೃದಯಕ್ಕೆ ಉಪ್ಪಿಗಿಂತ ದೊಡ್ಡ ಶತ್ರು ಇಲ್ಲ ಎಂದು ಆಮೇಲೆ ಡಾಕ್ಟರು ಹೇಳಿದರು. ಇಡೀ ರಸ್ತೆ ಒಟ್ಟಾಗಿ, ತುಂಬ ಪ್ರೀತಿಯಿಂದ, ನನ್ನನ್ನು ಮುಗಿಸುತ್ತಿತ್ತು.

ಇನ್ನು ನನ್ನ ಮಾವ. ಅವರು ಸರ್ಕಾರಿ ಇಂಜಿನಿಯರಾಗಿ ರಿಟೈರಾದವರು, ಸೇತುವೆಗಳನ್ನು ಕಟ್ಟಿಸಿದವರು. ಸೇತುವೆಗೆ ಎಷ್ಟು ಕಬ್ಬಿಣ, ಎಷ್ಟು ಸಿಮೆಂಟು ಎಂದು ಕರಾರುವಾಕ್ಕಾಗಿ ಲೆಕ್ಕ ಹಾಕಿ, ಕೊನೆಗೆ ಸೇತುವೆ ನಿಲ್ಲುವುದು ಮಾತ್ರ ಗುದ್ದಲಿಪೂಜೆಯ ಲಗ್ನದಿಂದ ಎಂದು ನಂಬಿದವರು. ನಮ್ಮ ಮನೆಯಲ್ಲಿ ಫ್ರಿಜ್ಜು ಬಂದ ದಿನ ಯಮಗಂಡಕಾಲ ಕಳೆಯುವವರೆಗೆ ಅದಕ್ಕೆ ಪ್ಲಗ್ ಹಾಕಲು ಬಿಡದೆ ಬಾಗಿಲಲ್ಲಿ ಕಾವಲು ಕೂತಿದ್ದರು. ಬೆಳಿಗ್ಗೆ ಅವರು ವಾಕಿಂಗ್ ಹೊರಟರೆ ಗೇಟುಗೇಟಿನಲ್ಲಿ ಜನ ನಿಲ್ಲಿಸಿಕೊಳ್ಳುತ್ತಿದ್ದರು. "ಸಾರ್, ಶುಕ್ರವಾರ ಹೊಸ ಸ್ಕೂಟರ್ ತರ್ಬೇಕು, ಎಷ್ಟೊತ್ತಿಗೆ ಹೋಗ್ಲಿ?" ಪಂಚಾಂಗ ನೋಡದೆಯೇ ಬೆರಳೆಣಿಸಿ ಹೇಳುವರು. ದುಡ್ಡು ಕಾಸು ತೆಗೆದುಕೊಳ್ಳುತ್ತಿರಲಿಲ್ಲ. ಹೊತ್ತು ಕೆಟ್ಟು ಯಾರಿಗೂ ಕೆಡುಕಾಗಬಾರದು ಎಂಬ ಕಾಳಜಿ ಅಷ್ಟೆ.

ಕೆಟ್ಟ ಹೊತ್ತಿನಲ್ಲೇ ಹೊರಡಬೇಕಾದವರಿಗೆ ಅವರ ಬಳಿ ಒಂದು ಉಪಾಯವಿತ್ತು: ಪ್ರಸ್ಥಾನ. ರಾಹುಕಾಲ ಹುಟ್ಟುವ ಮುಂಚೆಯೇ ನಿಮ್ಮ ಚೀಲವನ್ನೋ ಕೊಡೆಯನ್ನೋ ಪಕ್ಕದ ಮನೆಯಲ್ಲಿ ಇಟ್ಟು ಬಂದರೆ ಸಾಕು, ಪ್ರಯಾಣ ಆಗಲೇ ಶುರುವಾದ ಹಾಗೆ ಲೆಕ್ಕ. ಆಮೇಲೆ ನೀವು ಆರಾಮಾಗಿ ಊಟ ಮಾಡಿ ರಾಹುಕಾಲದಲ್ಲೇ ಹೊರಟರೂ ರಾಹು ತಕರಾರು ಮಾಡುವಂತಿಲ್ಲ. ಪಕ್ಕದ ಮನೆಯ ಜಗಲಿಯ ಮೇಲೆ ಯಾವಾಗ ನೋಡಿದರೂ ನಮ್ಮ ಮನೆಯದೊಂದು ಚೀಲ ಇರುತ್ತಿತ್ತು. ನವಗ್ರಹಗಳಿಗೆ ಇಷ್ಟು ಸುಲಭವಾಗಿ ಟೋಪಿ ಹಾಕಬಹುದಾದರೆ ಅವಕ್ಕೆ ಹೆದರುವುದೇಕೆ ಎಂದು ನಾನು ಒಮ್ಮೆ ಕೇಳಿದ್ದೆ. ಉಸಿರು ಚೆನ್ನಾಗಿದ್ದ ಕಾಲದಲ್ಲಿ.

ಸೀಮಂತ ಮುಗಿದ ಮೇಲೆ, ಮೊದಲಿನಿಂದ ನನ್ನ ಬಸುರು ನೋಡುತ್ತಿದ್ದ ಜಯನಗರದ ಡಾಕ್ಟರಮ್ಮನ ಹತ್ತಿರ ಹೋಗಬೇಕಿತ್ತು. ಅಷ್ಟರಲ್ಲಿ ಪಿತೃಪಕ್ಷ ಬಂತು. "ಸ್ಕ್ಯಾನು ಗೀನು ಅಂತ ಹೊಸದೇನಾದ್ರೂ ಶುರು ಮಾಡ್ತಾರಮ್ಮ. ಅಮಾವಾಸ್ಯೆ ಕಳೀಲಿ," ಎಂದರು ಮಾವ. ಬೇರೆ ಕಾಲದಲ್ಲಾಗಿದ್ದರೆ ನಾನು ಸುಮ್ಮನಿರುತ್ತಿರಲಿಲ್ಲ. ಅಂದು "ಹೂಂ" ಅಂದೆ. ಎಂಥ ವಿಧೇಯ ಸೊಸೆ ಎಂದು ಅವರ ಮುಖ ಅರಳಿತು.

ಅಮಾವಾಸ್ಯೆ ಕಳೆದು ನವರಾತ್ರಿ ಬಂತು. ಒಂದು ಮಂಗಳವಾರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಅತ್ತೆ ಹಾಲಿನಲ್ಲಿ ಗೊಂಬೆ ಜೋಡಿಸುತ್ತಿದ್ದರು. ನಾನು ಬಚ್ಚಲಿನ ಬೇಸಿನ್ನಿಗೆ ಬಗ್ಗಿ ಕೆಮ್ಮಿದೆ. ನೊರೆ ಬಿತ್ತು, ತೆಳು ಗುಲಾಬಿ ಬಣ್ಣದ ನೊರೆ. ಕೆಮ್ಮು ನಿಲ್ಲಲಿಲ್ಲ. ಹಿಂದೆ ಬಂದು ನಿಂತ ಅತ್ತೆ ಬೇಸಿನ್ನನ್ನು ನೋಡಿದರು, ನನ್ನ ತುಟಿಯನ್ನು ನೋಡಿದರು. "ಇದು ಬಸುರಿನ ಏದುಸಿರಲ್ಲ ಕಣ್ರೀ. ಆಟೋ ಕರೀರಿ," ಎಂದು ಮಾವನನ್ನು ಕೂಗಿದ ದನಿಯಲ್ಲಿ ನಾನು ಅವರಿಂದ ಹಿಂದೆಂದೂ ಕೇಳದ ಗಾಬರಿ ಇತ್ತು. ಮಾವ ಗಡಿಯಾರ ನೋಡಿ, "ರಾಹುಕಾಲಕ್ಕೆ ಇನ್ನೂ ಟೈಮಿದೆ, ಈಗ್ಲೇ ಹೊರಟ್ಬಿಡೋಣ," ಎಂದು ಚಪ್ಪಲಿ ಮೆಟ್ಟಿದರು. ಅಂದು ನಾವು ಒಂದು ಕ್ಷಣವೂ ತಡಮಾಡದೆ ಹೊರಟೆವು. ಅದಕ್ಕೆ ನನ್ನ ನೊರೆ ಎಷ್ಟು ಕಾರಣವೋ ರಾಹುವೂ ಅಷ್ಟೇ ಕಾರಣ.

ಜಯನಗರದ ಡಾಕ್ಟರಮ್ಮ ನನ್ನ ಬೆನ್ನಿಗೆ ಸ್ಟೆತಾಸ್ಕೋಪ್ ಇಟ್ಟು, ತೆಗೆದು, ಇನ್ನೊಂದು ಕಡೆ ಇಟ್ಟರು. "ಇಷ್ಟ್ ದಿನ ಏನ್ ಮಾಡ್ತಿದ್ರಿ ನೀವೆಲ್ಲ?" ಎಂದು ಕೇಳಿದರು. ಪಿತೃಪಕ್ಷ ಮಾಡುತ್ತಿದ್ದೆವು ಎಂದು ಹೇಳುವ ಧೈರ್ಯ ಯಾರಿಗೂ ಬರಲಿಲ್ಲ. ಮೂಗಿಗೆ ಆಕ್ಸಿಜನ್ ಹಾಕಿಸಿ, ಆಂಬುಲೆನ್ಸ್ ತರಿಸಿ, ತಾವೂ ಅದರಲ್ಲೇ ಹತ್ತಿ ನಮ್ಮ ಕಡೆಯ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದರು. ಆಫೀಸಿನಿಂದ ನನ್ನ ಗಂಡ ನೇರವಾಗಿ ಅಲ್ಲಿಗೆ ಬಂದರು.

ಅಲ್ಲಿಯ ಹೃದಯದ ಡಾಕ್ಟರು ಚಿಕ್ಕ ವಯಸ್ಸಿನವರು. ಎದೆಯ ಮೇಲೆ ತಣ್ಣನೆಯ ಲೋಳೆ ಸವರಿ, ಪರದೆಯಲ್ಲಿ ನನ್ನ ಹೃದಯವನ್ನು ನೋಡಿದರು. ಅದು ಮುಷ್ಟಿ ಬಿಗಿಯುವ ಬದಲು ಸುಮ್ಮನೆ ನಡುಗುತ್ತಿತ್ತು. ಆಮೇಲೆ ಎಲ್ಲರಿಗೂ ಕೇಳುವಂತೆ ಹೇಳಿದರು.

"ಬಸುರಿನ ಕೊನೇಲಿ ಕೆಲವರಿಗೆ ಹೀಗಾಗತ್ತೆ. ಯಾಕೆ ಅಂತ ನಮಗೂ ಸರಿಯಾಗಿ ಗೊತ್ತಿಲ್ಲ. ಇವರ ಹೃದಯ ಮಾಡಬೇಕಾದ ಕೆಲಸದಲ್ಲಿ ಅರ್ಧವೂ ಮಾಡ್ತಿಲ್ಲ. ಶ್ವಾಸಕೋಶದಲ್ಲಿ ನೀರು ನಿಂತಿದೆ. ಮಗೂನ ಇವತ್ತೇ ತೆಗೀಬೇಕು, ಇಲ್ಲದಿದ್ರೆ ಇಬ್ಬರೂ ಉಳಿಯೋದು ಕಷ್ಟ. ಆದ್ರೆ ಆಪರೇಷನ್ ತಡ್ಕೊಳ್ಳೋ ಶಕ್ತಿ ಈ ಹೃದಯಕ್ಕಿಲ್ಲ."

"ತೆಗೀಬೇಕು ಅಂತೀರಿ, ತಡ್ಕೊಳ್ಳಲ್ಲ ಅಂತೀರಿ. ಈಗ ಏನ್ ಮಾಡೋದು?" ಎಂದರು ಮಾವ.

"ಅದಕ್ಕೇ ಮೊದಲು ಒಂದು ಬಲೂನ್ ಪಂಪ್ ಹಾಕ್ತೀವಿ."

"ಬಲೂನೇ?" ಎಂದರು ಅತ್ತೆ. ಇಷ್ಟು ದೊಡ್ಡ ಆಸ್ಪತ್ರೆ, ಇಷ್ಟೊಂದು ಡಾಕ್ಟರು, ಕೊನೆಗೆ ಜಾತ್ರೆಯ ಬಲೂನು ತಂದರಲ್ಲ ಎಂಬ ನಿರಾಶೆ ಅವರ ಮುಖದಲ್ಲಿ ಕಂಡಿತು.

ಡಾಕ್ಟರು ತಾಳ್ಮೆಯಿಂದ ವಿವರಿಸಿದರು. ತೊಡೆಯ ಸಂದಿನ ರಕ್ತನಾಳದಲ್ಲಿ ಒಂದು ಸಣ್ಣ ನಳಿಗೆಯನ್ನು ಏರಿಸುತ್ತಾರೆ. ಅದು ಎದೆಯ ದೊಡ್ಡ ರಕ್ತನಾಳದವರೆಗೆ ಹೋಗುತ್ತದೆ. ಅದರ ತುದಿಗೆ ಉದ್ದನೆಯ ಬಲೂನು. ಹೃದಯ ಒಮ್ಮೆ ಬಡಿದು ಸಡಿಲವಾದ ಕೂಡಲೇ ಬಲೂನು ಉಬ್ಬಿ ರಕ್ತವನ್ನು ತಳ್ಳುತ್ತದೆ. ಮುಂದಿನ ಬಡಿತಕ್ಕೆ ಸರಿಯಾಗಿ ಮುದುಡಿ ದಾರಿ ಬಿಡುತ್ತದೆ. ಹೃದಯ ಒಂದೇ ಎಳೆಯುತ್ತಿದ್ದ ಗಾಡಿಗೆ ಹಿಂದಿನಿಂದ ಯಾರೋ ಕೈಜೋಡಿಸಿದ ಹಾಗೆ. ಆ ಸಹಾಯ ಇಟ್ಟುಕೊಂಡು ಸಿಸೇರಿಯನ್ ಮಾಡುವುದು. ಒಳಗಿನ ಇಂಜಿನಿಯರು ಎಚ್ಚರವಾಗಿ ಮಾವ, ಉಬ್ಬಿಸಲು ಯಾವ ಗಾಳಿ, ಒಡೆದರೆ ಏನು, ಕರೆಂಟು ಹೋದರೆ ಬ್ಯಾಟರಿ ಎಷ್ಟು ಹೊತ್ತು ಎಂದೆಲ್ಲ ಕೇಳಿದರು. ಉತ್ತರಗಳು ಅವರಿಗೆ ಒಪ್ಪಿಗೆಯಾದವು. ಆಮೇಲೆ ವಾಚು ನೋಡಿಕೊಂಡರು.

"ಡಾಕ್ಟ್ರೇ, ಇವತ್ತು ಮಂಗಳವಾರ. ಮೂರರಿಂದ ನಾಲ್ಕೂವರೆ ರಾಹುಕಾಲ. ಬಲೂನ್ ಹಾಕಿ, ಅದು ಕಳೆದ್ಮೇಲೆ ಆಪರೇಷನ್ ಮಾಡಿ."

ಡಾಕ್ಟರಮ್ಮ ತಿರುಗಿ ನಿಂತರು. "ಏನಂದ್ರಿ?"

"ಆ ಹೊತ್ತಲ್ಲಿ, ಅದೂ ಮಂಗಳವಾರ ಹುಟ್ಟಿದ ಕೂಸು ತಾಯಿಗೆ ಕಂಟಕ ಅಂತಾರೆ ಮೇಡಂ. ನಾನು ನನಗೋಸ್ಕರ ಕೇಳ್ತಿಲ್ಲ."

"ಸದ್ಯಕ್ಕೆ ಇವಳಿಗೆ ಕಂಟಕ ಅಂದ್ರೆ ನೀವೇ ಸಾರ್!" ಎಂದು ಡಾಕ್ಟರಮ್ಮ ಗದರಿದರು. "ಬಲೂನ್ ಹಾಕಿದ ತಕ್ಷಣ ತೆಗೀಬೇಕು. ಕಾಯೋಕಾಗಲ್ಲ."

ಮಾವ ತಮ್ಮ ಬೇಡಿಕೆಯಲ್ಲಿ ಒಂದು ಮೆಟ್ಟಿಲು ಇಳಿದರು. "ಹಾಗಾದ್ರೆ ಮೂರಕ್ಕೆ ಮುಂಚೆ ಸುಮ್ನೆ ಚಾಕುನಲ್ಲಿ ಒಂದು ಗೆರೆ ಎಳೆದ್ಬಿಡಿ. ಶುರು ಆದ ಹಾಗಾಗತ್ತೆ. ಉಳಿದಿದ್ದು ಆಮೇಲೆ ನಿಧಾನವಾಗಿ ಮಾಡಿ."

ನಾನು ಗಾಲಿಮಂಚದ ಮೇಲೆ ಕೂತು ಇದನ್ನೆಲ್ಲ ಕೇಳುತ್ತಿದ್ದೆ. ಸಾಯುತ್ತೇನೆ ಎಂಬ ಭಯವಿತ್ತು. ಆದರೆ ಭಯಕ್ಕಿಂತ ಸಿಟ್ಟು ಹೆಚ್ಚಾಗಿತ್ತು. ನನ್ನ ಹೊಟ್ಟೆಯ ಮೇಲೆ ಪ್ರಸ್ಥಾನ ಇಡಲು ಹೊರಟಿದ್ದಾರೆ, ಪಕ್ಕದ ಮನೆ ಜಗಲಿಯ ಮೇಲೆ ಕೊಡೆ ಇಟ್ಟ ಹಾಗೆ! ನನ್ನ ಗಂಡ ಒಮ್ಮೆ ಅಪ್ಪನ ಮುಖ, ಒಮ್ಮೆ ಡಾಕ್ಟರಮ್ಮನ ಮುಖ ನೋಡುತ್ತ ನಿಂತಿದ್ದರು. ಹೊಟ್ಟೆಯೊಳಗೆ ಮಗು ಒಮ್ಮೆ ಹೊರಳಿ ಸುಮ್ಮನಾಯಿತು. ಆ ಸುಮ್ಮನಾದದ್ದು ನನ್ನನ್ನು ಎಲ್ಲಕ್ಕಿಂತ ಹೆಚ್ಚು ಹೆದರಿಸಿತು.

ಆಗ ಮಾವನ ಹಣೆಯ ಗಂಟು ಸಡಿಲವಾಯಿತು. ಹೃದಯದ ಡಾಕ್ಟರ ಕಡೆ ತಿರುಗಿದರು.

"ಆ ಬಲೂನ್ ಎಷ್ಟೊತ್ತಿಗೆ ಹಾಕೋಕೆ ಶುರು ಮಾಡ್ತೀರಿ?"

"ಈಗ್ಲೇ ಸಾರ್. ಎಲ್ಲ ರೆಡಿ ಇದೆ."

"ಅದೂ ಈ ಆಪರೇಷನ್ನಿಗೇ ಸೇರಿದ್ದು ತಾನೆ?"

"ಹೌದು. ಅದಿಲ್ಲದೆ ಇದಿಲ್ಲ."

"ಮೂರಕ್ಕೆ ಮುಂಚೆ ಹಾಕ್ಬಿಡಿ ಹಾಗಾದ್ರೆ. ಅದೇ ಪ್ರಸ್ಥಾನ. ಆಮೇಲೆ ನೀವು ಯಾವಾಗ ತೆಗೆದ್ರೂ ಪರ್ವಾಗಿಲ್ಲ."

ಡಾಕ್ಟರಿಗೆ ಏನೂ ಅರ್ಥವಾಗಲಿಲ್ಲ. ವೈದ್ಯಶಾಸ್ತ್ರ ಹೃದಯವನ್ನು ಉಳಿಸಲು ಕಂಡುಹಿಡಿದ ಯಂತ್ರ ನಮ್ಮ ಮಾವನ ಕೈಯಲ್ಲಿ ಪಕ್ಕದ ಮನೆಗೆ ಕಳಿಸಿದ ಚೀಲವಾಗಿತ್ತು. ಅರ್ಥ ಮಾಡಿಕೊಳ್ಳಲು ಪುರಸೊತ್ತಿಲ್ಲದ ಡಾಕ್ಟರು ಬಗ್ಗಿ ನನ್ನನ್ನು ಕೇಳಿದರು. "ನೀವೇನಂತೀರಮ್ಮ?" ಒಂಬತ್ತು ತಿಂಗಳಲ್ಲಿ ಆ ಪ್ರಶ್ನೆಯನ್ನು ಉತ್ತರಕ್ಕೆ ಕಾಯುತ್ತ ಕೇಳಿದವರು ಅವರೊಬ್ಬರೇ. "ಮಾಡಿ," ಅಂದೆ.

ಬಲೂನು ಹಾಕುವಾಗ ನನಗೆ ಎಚ್ಚರವಿತ್ತು. ಪೂರ್ತಿ ಮಲಗಿದರೆ ಮುಳುಗಿದಂತಾಗುತ್ತಿತ್ತು, ಆದ್ದರಿಂದ ಟೇಬಲ್ಲನ್ನು ತಲೆಯ ಕಡೆ ಎತ್ತಿ, ಹೊಟ್ಟೆಯ ಭಾರ ಒಂದು ಬದಿಗೆ ಹೋಗುವಂತೆ ಸೊಂಟದಡಿ ದಿಂಬು ಕೊಟ್ಟರು. ತೊಡೆಯ ಸಂದಿಗೆ ಮರಗಟ್ಟುವ ಇಂಜೆಕ್ಷನ್ ಚುಚ್ಚಿದರು. ಸ್ವಲ್ಪ ಹೊತ್ತು ಒಳಗೆ ಏನೋ ತಳ್ಳಿದಂತಾಯಿತು. ಆಮೇಲೆ ಪಕ್ಕದ ಪೆಟ್ಟಿಗೆ ಸದ್ದು ಮಾಡತೊಡಗಿತು, ಒಂದು ಟಪ್, ಒಂದು ಉಸ್. ಪವಾಡವೇನೂ ಆಗಲಿಲ್ಲ. ಆದರೆ ಎದೆಯ ಮೇಲಿನ ಅಕ್ಕಿಮೂಟೆಯನ್ನು ಯಾರೋ ಒಂದು ಬದಿಯಿಂದ ಎತ್ತಿ ಹಿಡಿದರು. ಆ ಹೊತ್ತಿನಲ್ಲಿ ನನಗೆ ಅಷ್ಟೇ ಸಾಕಾಗಿತ್ತು. ಬಳಿಕ ಮುಖಕ್ಕೆ ಮಾಸ್ಕ್ ಇಟ್ಟರು, ಮುಂದಿನದು ನನಗೆ ಗೊತ್ತಿಲ್ಲ.

ಹೆಣ್ಣು ಮಗು. ಸಣ್ಣದು, ಆದರೆ ಅತ್ತಿತು. ಹುಟ್ಟಿದ್ದು ರಾಹುಕಾಲದ ನಟ್ಟನಡುವೆ ಎಂದು ಆಮೇಲೆ ನನ್ನ ಗಂಡ ಹೇಳಿದರು. ಬಾಗಿಲ ಹೊರಗೆ ವಾಚು ಹಿಡಿದೇ ನಿಂತಿದ್ದ ಮಾವ, ನರ್ಸ್ ಬಂದು ಹೇಳಿದ ಕೂಡಲೇ ಬೆಂಚಿನ ಮೇಲೆ ಕುಸಿದು ಕೂತರಂತೆ.

ನನ್ನನ್ನು ಐಸಿಯುನಲ್ಲಿ ಇಟ್ಟರು, ಮಗುವನ್ನು ಮೇಲಿನ ಅಂತಸ್ತಿನ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟರು. ಬಲೂನು ಇನ್ನೂ ಒಳಗೇ ಇತ್ತು. ಆ ಕಾಲನ್ನು ಮಡಿಸುವಂತಿಲ್ಲ, ಏಳುವಂತಿಲ್ಲ. ನೆಂಟರು ಒಬ್ಬೊಬ್ಬರಾಗಿ ಬಂದು ಹೊದಿಕೆಯ ಕಡೆ ಅನುಮಾನದಿಂದ ನೋಡಿದರು. ಮೈಸೂರಿನ ಚಿಕ್ಕತ್ತೆ ಹತ್ತಿರ ಬರಲೇ ಇಲ್ಲ. ಬಂದರೆ ಒಡೆದೀತು ಎಂಬ ಭಯ ಅವರಿಗೆ.

ದಿನಾ ಬಂದು ಕೂರುತ್ತಿದ್ದವರು ಮಾವ. ನನ್ನನ್ನು ಏನೂ ಕೇಳುತ್ತಿರಲಿಲ್ಲ, ಯಂತ್ರದ ಪರದೆಯನ್ನು ನೋಡುತ್ತಿದ್ದರು. ಒಂದು ದಿನ ಹೃದಯದ ಡಾಕ್ಟರನ್ನು ಹಿಡಿದುಕೊಂಡು, ಉಬ್ಬುವುದು ಸ್ವಲ್ಪ ಹಿಂದೆ ಮುಂದೆ ಆದರೆ ಏನಾಗುತ್ತದೆ ಎಂದು ಕೇಳಿದರು. ಬೇಗ ಉಬ್ಬಿದರೆ ಹೃದಯಕ್ಕೆ ಅಡ್ಡಗಾಲು, ತಡವಾಗಿ ಮುದುಡಿದರೆ ಇನ್ನೂ ಕೆಟ್ಟದ್ದು, ಸರಿಯಾದ ಹೊತ್ತಿಗೆ ಆದರೆ ಮಾತ್ರ ಉಪಕಾರ ಎಂದರು ಡಾಕ್ಟರು. ಮಾವ ನನ್ನ ಕಡೆ ತಿರುಗಿದರು. ಬಹಳ ದಿನದ ಮೇಲೆ ಅವರ ಮುಖದಲ್ಲಿ ನಗು ಕಂಡೆ.

"ನೋಡಿದ್ಯೇನಮ್ಮ? ಇದೂ ಮುಹೂರ್ತ ನೋಡೇ ಕೆಲಸ ಮಾಡತ್ತೆ!"

"ಇದು ಪ್ರತಿ ಬಡಿತಕ್ಕೂ ನೋಡತ್ತೆ ಮಾವ," ಅಂದೆ. "ಅಮಾವಾಸ್ಯೆ ಕಳೀಲಿ ಅಂತ ಕಾಯಲ್ಲ."

ಎರಡು ವಾಕ್ಯ ಒಂದೇ ಉಸಿರಿನಲ್ಲಿ ಬಂದಿದ್ದವು. ಅವರ ನಗು ಮಾಯವಾಯಿತು. ಎದ್ದು ಹೋದರು. ಅಷ್ಟು ಚುಚ್ಚಬಾರದಿತ್ತೇನೋ ಎಂದು ಆ ಕ್ಷಣ ನನಗೆ ಅನ್ನಿಸಲಿಲ್ಲ. ಈಗಲೂ ಅನ್ನಿಸುವುದಿಲ್ಲ.

ಆಮೇಲೆ ಬಲೂನನ್ನು ಬಿಡಿಸುವ ಕೆಲಸ. ಮೊದಲು ಪ್ರತಿ ಬಡಿತಕ್ಕೂ ಕೈಜೋಡಿಸುತ್ತಿದ್ದ ಯಂತ್ರವನ್ನು ಒಂದು ಬಿಟ್ಟು ಒಂದು ಬಡಿತಕ್ಕೆ ಇಳಿಸಿದರು, ಬಳಿಕ ಇನ್ನೂ ಕಡಿಮೆ. ಟಪ್ ಎನ್ನುವ ಸದ್ದುಗಳ ನಡುವೆ ಉದ್ದನೆಯ ಖಾಲಿ ಬಂತು. ಆ ಖಾಲಿಯಲ್ಲಿ ಬಡಿಯುತ್ತಿರುವುದು ನಾನೊಬ್ಬಳೇ ಎಂದು ಗೊತ್ತಾಗಿ ಕಣ್ಣು ಮುಚ್ಚಿಕೊಂಡೆ. ಹೃದಯ ಎಳೆಯಿತು. ಕುಂಟುತ್ತ ಎಳೆಯಿತು, ಆದರೂ ಎಳೆಯಿತು. ನಳಿಗೆ ತೆಗೆದ ಮೇಲೆ ರಕ್ತ ಚಿಮ್ಮದಂತೆ ಒಬ್ಬ ಡಾಕ್ಟರು ತಮ್ಮ ಅಂಗೈಯಿಂದ ನನ್ನ ತೊಡೆಯ ಸಂದನ್ನು ಒತ್ತಿ ಹಿಡಿದು ತುಂಬ ಹೊತ್ತು ನಿಂತೇ ಇದ್ದರು.

ಮನೆಗೆ ಕಳಿಸುವಾಗ ಡಾಕ್ಟರು ಮುಚ್ಚಿಟ್ಟು ಮಾತಾಡಲಿಲ್ಲ. ಹೃದಯ ಸರಿಹೋಗಬಹುದು, ಹೋಗದೆಯೂ ಇರಬಹುದು, ಆರು ತಿಂಗಳು ವರ್ಷ ನೋಡಬೇಕು, ಇನ್ನೊಂದು ಮಗುವಿನ ಯೋಚನೆ ಮಾಡಲೇಬಾರದು. ಮಾತ್ರೆಗಳ ಜೊತೆ ಕಟ್ಟಪ್ಪಣೆ: ಉಪ್ಪು ಬೇಡ, ನೀರು ಅಳೆದು ಕುಡಿಯಬೇಕು. ನೀರಿನ ಮಾತು ಕೇಳಿ ಅತ್ತೆ ಎದೆಯುಬ್ಬಿಸಿದರು. ಬಾಣಂತಿಗೆ ಜಾಸ್ತಿ ನೀರು ಕೊಡಬಾರದು, ಹೊಟ್ಟೆ ಜೋಲುತ್ತದೆ ಎಂಬುದು ನಮ್ಮ ಮನೆಗಳ ಹಳೆಯ ಕಾನೂನು. ನಾನು ಮದುವೆಯಾದಾಗಿನಿಂದ ಅದನ್ನು ಗೇಲಿ ಮಾಡುತ್ತ ಬಂದಿದ್ದೆ. "ಅಷ್ಟು ಓದಿದ ಡಾಕ್ಟ್ರೂ ಅದನ್ನೇ ಹೇಳಿದ್ರು," ಎಂದು ಅವರು ಅಳತೆಯ ಲೋಟ ಹಿಡಿದು ಬರುವಾಗ ನಾನು ಬಾಯಿ ಬಿಡುವಂತಿರಲಿಲ್ಲ. ಆದರೆ ಉಪ್ಪಿಲ್ಲದ ಸಾರನ್ನು ನನ್ನ ಜೊತೆ ಅವರೂ ಉಂಡರು. ಮನೆಯಲ್ಲಿದ್ದ ಉಪ್ಪಿನಕಾಯಿ ಭರಣಿಗಳನ್ನೆಲ್ಲ ಕೊಟ್ಟವರ ಮನೆಗೇ ವಾಪಸು ಕಳಿಸಿದ್ದರು.

ಸಂಕ್ರಾಂತಿ ಕಳೆದ ಮೇಲೆ ನಾಮಕರಣ. ಮನೆ ತುಂಬ ಜನ. ತೊಟ್ಟಿಲಿಗೆ ಸೇವಂತಿಗೆ ಮಾಲೆ. ಪುರೋಹಿತರು ಪಂಚಾಂಗ ಬಿಚ್ಚಿ, ಜಾತಕವನ್ನೂ ಇಂದೇ ಬರೆದುಬಿಡುತ್ತೇನೆ ಎಂದು ಹೇಳಿ, ಮಗು ಹುಟ್ಟಿದ ಗಂಟೆ ಎಷ್ಟು ಎಂದು ಕೇಳಿದರು. ಎಲ್ಲರೂ ಮಾವನ ಕಡೆ ತಿರುಗಿದರು. ರಸ್ತೆಯಲ್ಲಿ ಯಾರ ಮನೆಯ ಮಗು ಯಾವ ನಿಮಿಷದಲ್ಲಿ ಹುಟ್ಟಿತು ಎಂಬುದು ಅವರ ನಾಲಗೆಯ ತುದಿಯಲ್ಲಿರುತ್ತಿತ್ತು.

"ನೋಡ್ಲಿಲ್ಲ," ಎಂದರು ಮಾವ.

ಪುರೋಹಿತರು ಪಂಚಾಂಗದಿಂದ ತಲೆ ಎತ್ತಿದರು.

"ನೋಡ್ಲಿಲ್ವೇ? ನೀವೇ?" ಎಂದರು ಎದುರುಮನೆ ಆಂಟಿ.

"ಗಾಬರೀಲಿದ್ದೆ. ನೋಡ್ಲಿಲ್ಲ. ಮಧ್ಯಾಹ್ನ ಊಟದ ಹೊತ್ತಿರಬಹುದು, ಸಂಜೆ ಕಾಫಿ ಹೊತ್ತಿರಬಹುದು."

"ಆಸ್ಪತ್ರೇಲಿ ಕೇಳಿದ್ರೆ ಹೇಳ್ತಾರಲ್ಲ," ಎಂದು ಪುರೋಹಿತರು ಬಿಡಲಿಲ್ಲ.

"ಅಲ್ಲಿಯ ಗಡಿಯಾರ ಒಂದೊಂದು ಒಂದೊಂದು ಥರ ಓಡ್ತವೆ ಸ್ವಾಮಿ. ಅದನ್ನ ನಂಬಿ ಜಾತಕ ಬರೆಯೋದು ಬೇಡ. ನೀವು ಹೆಸರಿಡಿ."

ನೆಂಟರಿಗೆ ನಗಲು ಒಳ್ಳೆಯ ವಿಷಯ ಸಿಕ್ಕಿತು. ಊರಿಗೆಲ್ಲ ಗಳಿಗೆ ಹೇಳುವವರು ತಮ್ಮ ಮೊಮ್ಮಗಳ ಗಳಿಗೆಯನ್ನೇ ತಪ್ಪಿಸಿಕೊಂಡರು ಎಂದು ಊಟದ ಪಂಕ್ತಿಯಲ್ಲೂ ರೇಗಿಸಿದರು. ಮಾವ ತಲೆತಗ್ಗಿಸಿಕೊಂಡು ಹೋಳಿಗೆ ತಿಂದರು. ಮನೆಯಲ್ಲಿ ನಿಜ ಗೊತ್ತಿದ್ದ ನನ್ನ ಗಂಡ, ಎಂದಿನ ಅಭ್ಯಾಸದಂತೆ, ಅಪ್ಪನನ್ನು ಎದುರಿಸಿ ಏನೂ ಹೇಳಲಿಲ್ಲ.

ಎಲ್ಲರೂ ಹೋದ ಮೇಲೆ ಮಾವ ವರಾಂಡದಲ್ಲಿ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂತಿದ್ದರು. ನಾನು ಹೋಗಿ ಎದುರಿಗೆ ಕೂತೆ.

"ಮಾವ, ನೀವು ನೋಡಿದ್ರಿ. ಬಾಗಿಲ ಹತ್ರ ವಾಚು ಹಿಡಿದೇ ನಿಂತಿದ್ರಂತೆ."

"ನೋಡ್ದೆ ಇರ್ತೀನೇನಮ್ಮ?"

"ಪ್ರಸ್ಥಾನ ಆಗಿದೆ, ಪರ್ವಾಗಿಲ್ಲ ಅಂತ ನೀವೇ ಅಂದಿದ್ರಲ್ಲ."

"ಪ್ರಸ್ಥಾನ ಹೊರಡೋರಿಗೆ. ಹುಟ್ಟೋರಿಗೆ ಅದು ನಡೆಯಲ್ಲ. ಅವತ್ತು ಅಂದಿದ್ದು, ಆ ಡಾಕ್ಟರಮ್ಮ ಬೇಗ ಒಳಗೆ ಕರ್ಕೊಂಡು ಹೋಗ್ಲಿ ಅಂತ. ತಡ ಮಾಡ್ದೆ ಒಪ್ಕೊಳ್ಳೋಕೆ ನನಗೆ ನಾನೇ ಹೇಳ್ಕೊಂಡ ಸಮಾಧಾನ ಅದು." ಮಗುವಿನ ಟೋಪಿ ಸರಿಮಾಡಿದರು. "ನಿನ್ನ ಎದೆ ಇನ್ನೂ ಪೂರ್ತಿ ಸರಿಹೋಗಿಲ್ಲ ಅಂದಿದಾರೆ. ದೇವರು ಕಾಪಾಡ್ಲಿ. ಆದ್ರೆ ನಾಳೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ, ಇವತ್ತು ಹೋಳಿಗೆ ತಿಂದು ಹೋದ್ರಲ್ಲ, ಇವರೇ ಜಾತಕ ಬಿಚ್ಚಿ ನೋಡಿ ಈ ಕೂಸನ್ನ ತಾಯಿನ ತಿನ್ಕೊಂಡು ಹುಟ್ಟಿದೋಳು ಅಂತಾರೆ. ಬದುಕಿರೋವರೆಗೂ ಅಂತಾರೆ. ಅದಕ್ಕೆ ಇವಳಿಗೆ ಗಳಿಗೇನೇ ಬೇಡ."

ನನಗೆ ಅಳು ತಡೆಯಲಾಗಲಿಲ್ಲ. ಆ ಮೂರು ತಿಂಗಳಲ್ಲಿ ಎಲ್ಲರೂ ನಾನು ಬದುಕಲಿ ಎಂದು ಹರಕೆ ಹೊತ್ತಿದ್ದರು. ನಾನು ಸತ್ತರೆ ನನ್ನ ಮಗಳಿಗೆ ಜನ ಏನು ಮಾಡುತ್ತಾರೆ ಎಂದು ಯೋಚಿಸಿದವರು ಈ ಮನುಷ್ಯ ಒಬ್ಬರೇ. ರಾಹುಕಾಲದ ಮೇಲಿನ ನಂಬಿಕೆ ಹೋಗಿ ಅವರು ಸುಳ್ಳು ಹೇಳಿದರು ಎಂದಾಗಿದ್ದರೆ ನನಗೆ ಅಷ್ಟು ಅನ್ನಿಸುತ್ತಿರಲಿಲ್ಲ. ಅವರ ನಂಬಿಕೆ ಕೂದಲೆಳೆಯಷ್ಟೂ ಅಲುಗಿರಲಿಲ್ಲ. ಈ ಕೂಸಿನಿಂದ ನನಗೆ ಕಂಟಕ ಎಂದು ಅವರು ಮನಸಾರೆ ನಂಬಿದ್ದರು, ಹಾಗೆ ನಂಬಿಕೊಂಡೇ ಅದನ್ನು ತೊಡೆಯ ಮೇಲಿಟ್ಟು ತಟ್ಟುತ್ತಿದ್ದರು.

ವರ್ಷ ತುಂಬುವಷ್ಟರಲ್ಲಿ ನನ್ನ ಹೃದಯ ತನ್ನ ಕೆಲಸಕ್ಕೆ ಮರಳಿತು. ಡಾಕ್ಟರಿಗೂ ಆಶ್ಚರ್ಯವಾಗುವಷ್ಟು ಚೆನ್ನಾಗಿ ಮರಳಿತು. ಮಗಳಿಗೆ ಜಾತಕ ಬರೆಸಲೇ ಇಲ್ಲ. ಕೇಳಿದವರಿಗೆಲ್ಲ ಮಾವ ಕೊನೆಯವರೆಗೂ "ನೋಡ್ಲಿಲ್ಲ" ಎಂದೇ ಹೇಳಿದರು. ಅವರು ಹೋಗಿ ಕೆಲವು ವರ್ಷವಾಯಿತು. ಅವರು ಮುಚ್ಚಿಟ್ಟದ್ದನ್ನು ನಾನು ಈಗ ಬರೆಯಬಹುದು. ಇನ್ನು ಯಾರೂ ನನ್ನ ಮಗಳನ್ನು ಹಾಗೆ ಅನ್ನುವಂತಿಲ್ಲ. ನಾನು ಇದ್ದೇನೆ.